ನಾವು ಸುಮ್ಮನೆಯವರು

ಮಾರ್ಚ್ ೩, ಸೋಮವಾರ

ಇವತ್ತು ಬೆಳಿಗ್ಗೆ ಹತ್ತು ಗಂಟೆಯಿಂದ ನಾನು ಮೂಕಿ.

ಗಂಟಲಿನ ಡಾಕ್ಟರು ಸಣ್ಣ ಕನ್ನಡಿಯೊಂದನ್ನು ಬಾಯೊಳಗೆ ಇಳಿಸಿ ನೋಡಿ, ಧ್ವನಿ ಬರುವ ಜಾಗದಲ್ಲಿ ಸಾಸಿವೆಕಾಳಿನಷ್ಟು ಗಂಟು ಎದ್ದಿದೆ ಎಂದರು. ತಾವು ಹೇಳುವ ತನಕ ಒಂದು ಮಾತೂ ಆಡಕೂಡದಂತೆ. "ಪಿಸುಮಾತೂ ಬೇಡ. ಅದು ಇನ್ನೂ ಕೆಟ್ಟದ್ದು." ಗಂಟು ತಾನಾಗಿ ಕರಗಿದರೆ ಸರಿ, ಇಲ್ಲದಿದ್ದರೆ ಕತ್ತರಿ. ಕತ್ತರಿ ಆಡಿಸಿದ ಮೇಲೆ ಹಳೆಯ ಧ್ವನಿ ಬರುತ್ತದೋ ಇಲ್ಲವೋ ಹೇಳಲಾಗದು. ಇಷ್ಟು ಹೇಳಿ ಚೀಟಿಯ ಮೇಲಿನ ನನ್ನ ಹೆಸರು ಓದಿದರು. ಮುಖದಲ್ಲಿ ಆ ನಗು ಬಂತು. ಹುಟ್ಟಿದಾಗಿನಿಂದ ನಾನು ಕಂಡಿರುವ ನಗು. "ಸುಮ್ಮನೆ ಅವರೇ, ಸುಮ್ನಿರಿ," ಎಂದು ಮೇಜು ತಟ್ಟಿಕೊಂಡು ನಕ್ಕರು. ಅದಕ್ಕೆ ತಕ್ಕ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅಲ್ಲೇ ಉಳಿಯಿತು.

ನಮ್ಮ ಮನೆತನದ ಹೆಸರು ಸುಮ್ಮನೆ. "ಏನು ನಿನ್ನ ಮನೆತನ?" "ಸುಮ್ಮನೆ." "ಸುಮ್ಮನೆ ಅಂದ್ರೆ?" "ಸುಮ್ಮನೆ ಅಂದ್ರೆ ಸುಮ್ಮನೆ." ಇದಕ್ಕಾಗಿ ಶಾಲೆಯಲ್ಲಿ ಬೆಂಚಿನ ಮೇಲೆ ನಿಂತವಳು ನಾನು. ಮದುವೆಯಾಗಿ ಹೆಸರು ಬದಲಾದಾಗ ಹಾಯೆನಿಸಿತ್ತು. ಮದುವೆ ಮುರಿದಾಗ ವಾಪಸು ತಂದ ಸಾಮಾನಿನಲ್ಲಿ ಹೆಸರೂ ಒಂದು. ಅವರು ಬಿಟ್ಟು ಹೋಗುವಾಗ ಬಾಗಿಲಲ್ಲಿ ನಿಂತು ಕಾರಣ ಹೇಳಲು ಹೊರಟಿದ್ದರು. ತಡವರಿಸುತ್ತಿದ್ದರು ಪಾಪ. ವಾಕ್ಯವನ್ನು ನಾನೇ ಮುಗಿಸಿಕೊಟ್ಟೆ.

ಬಸ್ ನಿಲ್ದಾಣದ ಮೈಕಿನ ಮುಂದೆ ಇಪ್ಪತ್ತು ವರ್ಷದಿಂದ ಕೂತವಳಿಗೆ ಇದೆಂಥ ಶಿಕ್ಷೆ. ಮಧ್ಯಾಹ್ನದ ಹೊತ್ತಿಗೇ ಹೊಟ್ಟೆಯಲ್ಲಿ ಮಾತು ಹುಳಿಯಾಗತೊಡಗಿದೆ. ಅದಕ್ಕೇ ಈ ಡೈರಿ.

ಮಾರ್ಚ್ ೫, ಬುಧವಾರ

ಮನೆಯಲ್ಲಿ ನಾನು ಮತ್ತು ಅಪ್ಪ ಇಬ್ಬರೇ. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರು. ಒಂದು ಅಕ್ಷರ ಬರೆದು, ಹಿಂದೆ ಸರಿದು ನಿಂತು ನೋಡಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕುವ ಜಾತಿ. ಮಾತೂ ಹಾಗೆಯೇ. "ಆ ಕಿಟಕಿ..." ಎಂದು ನಿಲ್ಲಿಸುತ್ತಾರೆ. "ಮುಚ್ಚಬೇಕಾ? ಮುಚ್ಚಿದೆ," ಎನ್ನುವಷ್ಟರಲ್ಲಿ ನಾನು ಮುಚ್ಚಿಯೂ ಆಗಿರುತ್ತದೆ.

ಇವತ್ತು ಊಟಕ್ಕೆ ಕೂತಾಗ "ಆ ಕಿಟಕಿ..." ಎಂದರು. ಬಾಯಿ ತೆರೆಯುವಂತಿಲ್ಲ, ಕೈಯಲ್ಲಿ ಬಿಸಿ ಪಾತ್ರೆ. ಕಾದೆ. ನೀರು ಕುಡಿದರು. ಮೀಸೆ ಒರೆಸಿಕೊಂಡರು. "ಆ ಕಿಟಕಿ ಹತ್ರ ನಿಂತ್ರೆ ಎದುರುಮನೆ ಬೆಕ್ಕು ನನ್ನನ್ನ ಗುರುತು ಹಿಡಿಯುತ್ತೆ," ಎಂದರು.

ವರ್ಷಗಟ್ಟಲೆ ದಿನಾ ಆ ಕಿಟಕಿ ಮುಚ್ಚಿದ್ದೇನೆ. ಬೆಕ್ಕು ಗುರುತು ಹಿಡಿದರೆ ಏನು ಬಂತು. ಅಪ್ಪನಿಗೆ ವಯಸ್ಸಾಯಿತು.

ಮಾರ್ಚ್ ೮, ಶನಿವಾರ

ಚಿಕ್ಕಪ್ಪ ಬಂದಿದ್ದರು. ಡ್ರಿಲ್ ಮಾಸ್ತರಾಗಿ ನಿವೃತ್ತರಾದವರು. ಕುರ್ಚಿ ಕೇಳುವಾಗಲೂ ಮೈದಾನದ ಆ ತುದಿಗೆ ಕೇಳುವಂತೆ ಕೇಳುತ್ತಾರೆ. ಈಗ ಸುಮ್ಮನೆ ವಂಶಸ್ಥರ ಸಂಘದ ಅಧ್ಯಕ್ಷರು. ಕಾರ್ಯದರ್ಶಿ ಚಿಕ್ಕಮ್ಮ. ಸದಸ್ಯರು ನಾವಿಬ್ಬರು, ನಮ್ಮನ್ನು ಯಾರೂ ಕೇಳಿರಲಿಲ್ಲ.

ಯಾರೋ ಮನೆತನಗಳ ಹೆಸರಿನ ದೊಡ್ಡ ಕೋಶವೊಂದನ್ನು ಅಚ್ಚು ಹಾಕುತ್ತಿದ್ದಾರಂತೆ. ಪ್ರತಿ ಹೆಸರಿಗೂ ಅರ್ಥ, ಆಮೇಲೆ ಆ ಹೆಸರಿನ ಮಹನೀಯರು. ಮಹನೀಯರಿಲ್ಲದ ಹೆಸರನ್ನು ಬೇರೆ ಹೆಸರಿನ ಕೆಳಗೆ ತಳ್ಳುತ್ತಾರೆ.

"ನಮ್ಮನ್ನ ಎಲ್ಲಿಗೆ ತಳ್ತಾರೆ ಗೊತ್ತೇನೇ?" ಎಂದರು ಚಿಕ್ಕಪ್ಪ. "ಸುಮ್ಮನೆ, ನೋಡಿ: ಬಿಟ್ಟಿ. ಅರ್ಥ ಒಂದೇ ಅಂತೆ. ಆ ಬಿಟ್ಟಿ ಮನೆತನದವರ ಕೆಳಗೆ ನಾವಾ? ನೀನೇನಂತೀಯ?"

ಸ್ಲೇಟಿನ ಮೇಲೆ "ಹಾಕಿದರೆ ಹಾಕಲಿ" ಎಂದು ಬರೆದು ತೋರಿಸಿದೆ. ಅವರು ಕನ್ನಡಕ ತಂದಿರಲಿಲ್ಲ. "ಭೇಷ್. ನೀನಾದ್ರೂ ನನ್ನ ಕಡೆ ಇದ್ದೀಯ," ಎಂದು ಎದ್ದು ಹೋದರು.

ಮಾರ್ಚ್ ೧೧, ಮಂಗಳವಾರ

ರಜೆಯ ಚೀಟಿ ಕೊಡಲು ಬಸ್ ನಿಲ್ದಾಣಕ್ಕೆ ಹೋಗಿದ್ದೆ. ನನ್ನ ಕುರ್ಚಿಯಲ್ಲಿ ಒಂದು ಪೆಟ್ಟಿಗೆ ಕೂತಿದೆ. ಅದರೊಳಗಿನ ಹೆಣ್ಣುಧ್ವನಿ ಮುದ್ದು ಮುದ್ದಾಗಿ ಹೇಳುತ್ತದೆ: "ಪ್ರಯಾಣಿಕರ ಗಮನ. ಕ್ಕೆ. ಬಸ್ಸು ಹೊರ. ಡುತ್ತದೆ." ಜನ ತಲೆ ಎತ್ತಿ ನೋಡುವುದೂ ಇಲ್ಲ.

"ನೀವು ಆರಾಮಾಗಿ ಬನ್ನಿ," ಎಂದರು ಮೇಲ್ವಿಚಾರಕರು. "ಇದಕ್ಕೆ ಗಂಟಲು ಕಟ್ಟೋದಿಲ್ಲ."

ಉತ್ತರ ಕೊಡುವಂತಿಲ್ಲ. ಪೆಟ್ಟಿಗೆಯ ಕಡೆ ನೋಡಿ ಹಲ್ಲು ಕಡಿದು ಬಂದೆ.

ಮಾರ್ಚ್ ೧೬, ಭಾನುವಾರ

ಚಿಕ್ಕಪ್ಪ ನಮ್ಮ ಮಹನೀಯರನ್ನೆಲ್ಲ ಹುಡುಕಿ ತಂದರು. ಇವರ ಬಗ್ಗೆ ಬರೆದಿಡದಿದ್ದರೆ ನನಗೆ ನಿದ್ದೆ ಬಾರದು.

ಒಬ್ಬ ದೊಡ್ಡಪ್ಪ ಓಟದ ಪಂದ್ಯದಲ್ಲಿ ಎಲ್ಲರಿಗಿಂತ ಮೊದಲು ಗೆರೆ ದಾಟಿದರು. ಮೊದಲು ಬಂದದ್ದು ಯಾರು ಎಂದು ಕೇಳಿದಾಗ ಗೆರೆಯ ಬಳಿ ಇದ್ದವನು "ಸುಮ್ಮನೆ" ಎಂದ. ಹಾಗಾದರೆ ಯಾರೂ ಬಂದಿಲ್ಲವೆಂದು ಕಪ್ಪನ್ನು ಎರಡನೆಯವನಿಗೆ ಕೊಟ್ಟರು. ಒಬ್ಬ ಅತ್ತೆ ಬಹಳ ಚೆನ್ನಾಗಿ ಹಾಡುತ್ತಿದ್ದರು. ನಿರೂಪಕ ಬಂದು "ಮುಂದೆ, ಸುಮ್ಮನೆ ಹಾಡುತ್ತಾರೆ" ಎಂದ ಕೂಡಲೇ ಅರ್ಧ ಸಭೆ ಎದ್ದು ಕಾಫಿಗೆ ಹೋಯಿತು. ಇನ್ನೊಬ್ಬರು ರಸ್ತೆ ಬದಿಯಲ್ಲಿ ನಿಂತಿದ್ದಾಗ ಪೊಲೀಸರು "ಯಾರೋ ನೀನು?" ಎಂದರು. ಹೆಸರು ಹೇಳಿದ್ದಕ್ಕೆ ಕಪಾಳಕ್ಕೆ ಒಂದು ಬಿತ್ತು, ಮತ್ತೆ ಕೇಳಿದರು, ಮತ್ತೆ ಅದನ್ನೇ ಹೇಳಿದರು. ಸುಮ್ಮನೆ ಜೈಲಿಗೆ ಹೋದ ನಮ್ಮ ಕುಲದ ಏಕೈಕ ವ್ಯಕ್ತಿ ಅವರು.

ನಾಲ್ಕನೆಯವರು ಸ್ವತಃ ಚಿಕ್ಕಪ್ಪ. ನಗರಸಭೆ ಚುನಾವಣೆಗೆ ನಿಂತಿದ್ದರು. "ಈ ಸಲ ನಿಮ್ಮ ಮತ ಸುಮ್ಮನೆ" ಎಂದು ಊರೆಲ್ಲ ಬೋರ್ಡು ಹಾಕಿಸಿದರು. ಜನ ಓದಿ ಮನೆಯಲ್ಲೇ ಉಳಿದರು.

"ಬೋರ್ಡು ಬರೆದವನು ನೀನೇ ಅಲ್ವೇನೋ ಅಣ್ಣ? ಒಂದು ಮಾತು ಹೇಳಬಾರದಿತ್ತಾ?" ಎಂದು ಇವತ್ತೂ ಅಪ್ಪನ ಮೇಲೆ ರೇಗಿದರು.

"ಹೇಳೋಕೆ ಬಂದೆ. ನೀನು..." ಎಂದು ಅಪ್ಪ ನಿಲ್ಲಿಸಿದರು. ಚಿಕ್ಕಪ್ಪ ಆಗಲೇ ಬೇರೆ ವಿಷಯಕ್ಕೆ ಹೋಗಿದ್ದರು.

ಕೋಶದ ಸಂಪಾದಕರು ನಾಲ್ವರನ್ನೂ ಒಪ್ಪಲಿಲ್ಲವಂತೆ. ಬದುಕಿರುವ, ಕಣ್ಣಾರೆ ನೋಡಬಹುದಾದ ಒಬ್ಬರನ್ನು ತೋರಿಸಿ ಎಂದಿದ್ದಾರೆ. ಚಿಕ್ಕಪ್ಪ ನನ್ನ ಕಡೆ ಬೆರಳು ತೋರಿಸಿದರು. "ಊರಿಗೆ ಊರೇ ಇವಳ ಧ್ವನಿ ಕೇಳಿದೆ. ಇವಳೇ ನಮ್ಮ ಮಹನೀಯೆ."

ಸ್ಲೇಟು ಕೈಗೆ ಸಿಗುವಷ್ಟರಲ್ಲಿ ಗೇಟು ದಾಟಿದ್ದರು. ಮಾತು ಬೆಳ್ಳಿ, ಮೌನ ಬಂಗಾರ ಎಂದವನು ಸಿಕ್ಕರೆ ಸ್ಲೇಟಿನಿಂದಲೇ ಎರಡು ಕೊಡಬೇಕು.

ಮಾರ್ಚ್ ೨೦, ಗುರುವಾರ

ಸಂಜೆ ಅಪ್ಪನ ಜೊತೆ ಕಾಳು ಆರಿಸುತ್ತಾ ಕೂತಿದ್ದೆ. ಕೆಲಸವಿಲ್ಲದಿದ್ದರೆ ಬಾಯಿ ತುರಿಸುತ್ತದೆ. ಅಪ್ಪ ತಾವಾಗಿಯೇ ಅಜ್ಜನ ವಿಷಯ ತೆಗೆದರು. ಹಳೆಯ ಕಥೆ, ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು: ಬಟನ್ ಫ್ಯಾಕ್ಟರಿಯ ಗುಮಾಸ್ತ ಅಜ್ಜನ ಹೆಸರನ್ನು ತಪ್ಪಾಗಿ ಬರೆದುಬಿಟ್ಟ, ಅದೇ ನಿಂತಿತು. ಆದರೆ ಅಪ್ಪ ಗುಮಾಸ್ತನ ತನಕ ಬರಲೇ ಇಲ್ಲ. ಫ್ಯಾಕ್ಟರಿಯ ಅಂಗಳದಲ್ಲೇ ಉಳಿದರು. ಚಿಪ್ಪಿನಿಂದ ಬಟನ್ ಕೊರೆದು ಉಳಿದ ತೂತು ತೂತಿನ ಚಿಪ್ಪುಗಳನ್ನು ಅಂಗಳದಲ್ಲಿ ಗುಡ್ಡೆ ಹಾಕುತ್ತಿದ್ದರಂತೆ. ಗಾಳಿ ಬೀಸಿದರೆ ಗುಡ್ಡೆಗೆ ಗುಡ್ಡೆಯೇ ಸೀಟಿ ಹಾಕುತ್ತಿತ್ತಂತೆ. ಅಜ್ಜನಿಗೆ ಆಗಲೇ ಬೇರೆ ಕಡೆ ಒಳ್ಳೆಯ ಕೆಲಸವಿತ್ತು. ಬಟನ್ ಫ್ಯಾಕ್ಟರಿಗೆ ಹೋಗುವ ಅಗತ್ಯವೇ ಇರಲಿಲ್ಲ.

"ಮತ್ತೆ ಯಾಕೆ ಹೋದ ಅಂದ್ರೆ..." ಎಂದು ಅಪ್ಪ ಒಂದು ಕಲ್ಲನ್ನು ಆರಿಸಿ ಬೆಳಕಿಗೆ ಹಿಡಿದರು. ಅಷ್ಟರಲ್ಲಿ ಕುಕ್ಕರ್ ಕೂಗಿತು. ಕುಕ್ಕರಿಗೂ ಹೊತ್ತು ಗೊತ್ತು ಬೇಡವೆ.

ಮಾರ್ಚ್ ೨೪, ಸೋಮವಾರ

ಸಂಪಾದಕರು ಬಂದರು. ಉದ್ದಕ್ಕೆ ಒಣಗಿದ ಮನುಷ್ಯ. ಎಲ್ಲಿಗೆ ಹೋದರೂ ತಮ್ಮದೇ ದಿಂಬು ತಂದು ಅದರ ಮೇಲೆ ಕೂರುತ್ತಾರೆ. ಬೇರೆಯವರ ಕುರ್ಚಿ ಅಭಿಪ್ರಾಯವನ್ನು ಬದಲಿಸುತ್ತದಂತೆ.

"ಇವರು ಪ್ರಸಿದ್ಧ ಮಾತುಗಾರ್ತಿ," ಎಂದರು ಚಿಕ್ಕಪ್ಪ.

"ಏನಾದ್ರೂ ಮಾತಾಡಿ," ಎಂದರು ಸಂಪಾದಕರು.

ನಾನು ಗಂಟಲು ಮುಟ್ಟಿ ಕೈ ಆಡಿಸಿದೆ. ಅವರು ಕಾದರು. ನಾನೂ ಕಾದೆ. ಚಿಕ್ಕಪ್ಪ ಬೆವರಿದರು. ಕೊನೆಗೆ ಸಂಪಾದಕರು ಅಪ್ಪನ ಕಡೆ ತಿರುಗಿ, "ಇವರು ಏನು ಮಾಡ್ತಿದ್ದಾರೆ?" ಎಂದು ಕೇಳಿದರು.

"ಸುಮ್ಮನಿದ್ದಾಳೆ," ಎಂದರು ಅಪ್ಪ.

ಸಂಪಾದಕರ ಕಣ್ಣು ಅಗಲವಾಯಿತು. ಹೆಸರಿಗೆ ತಕ್ಕಂತೆ ಬದುಕುವವರನ್ನು ಅವರು ಈವರೆಗೆ ಕಂಡೇ ಇಲ್ಲವಂತೆ. ಸಿಂಹ ಎಂಬ ಮನೆತನದವರ ಮನೆಗೆ ಹೋದರೆ ಯಜಮಾನರು ಜಿರಳೆಗೆ ಹೆದರಿ ಮಂಚ ಹತ್ತಿ ಕೂತಿದ್ದರಂತೆ. "ತಾವು ಹೀಗೇ ಇದ್ರೆ ಇನ್ನೊಂದು ಸಲ ಬಂದು ನೋಡಿ ಖಾಯಂ ಮಾಡ್ತೀನಿ," ಎಂದು ದಿಂಬು ಕಂಕುಳಲ್ಲಿಟ್ಟುಕೊಂಡು ಹೋದರು.

ಚಿಕ್ಕಪ್ಪ ನನ್ನ ಎರಡೂ ಕೈ ಹಿಡಿದರು. "ಬಾಯಿ ಬಿಟ್ಟೀಯ ಜೋಕೆ."

ಮಾರ್ಚ್ ೨೭, ಗುರುವಾರ

ಚಿಕ್ಕಮ್ಮ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ಮಾತು ಬಿಟ್ಟವಳನ್ನು ನೋಡಲು ಜನ ಬರತೊಡಗಿದ್ದಾರೆ. ಮೇಲ್ಮನೆಯಾಕೆ ಬಂದು ಸೊಸೆಯ ಮೇಲೆ ದೂರು ಹೇಳಿದಳು. ನಾನು ಅವಳ ಮುಖ ನೋಡುತ್ತಾ ಕೂತೆ. ಅರ್ಧ ದಾರಿಯಲ್ಲಿ ದೂರು ತಾನೇ ತಿರುಗಿ, ತಪ್ಪು ತನ್ನದೇ ಎಂದು ಅತ್ತು, "ನೀವು ಎಷ್ಟು ಚೆನ್ನಾಗಿ ಬುದ್ಧಿ ಹೇಳಿದ್ರಿ," ಎಂದು ಹೋದಳು. ಬೀದಿ ಕೊನೆಯ ದರ್ಜಿ ಬಂದು ಕಾಲರು ಎಷ್ಟು ಅಗಲವಿರಬೇಕು ಎಂಬ ತನ್ನ ಹಳೆಯ ವಾದವನ್ನೆಲ್ಲ ಹೇಳಿ, ನಾನು ಒಪ್ಪಿದೆನೆಂದು ಖುಷಿಪಟ್ಟ. ಆಮೇಲೆ ಅವನ ಎದುರಾಳಿಯೂ ಬಂದ. ಅವನನ್ನೂ ಒಪ್ಪಿದೆನಂತೆ.

ಎಲ್ಲ ಹೋದ ಮೇಲೆ ಅಪ್ಪ ಕಿಟಕಿಯ ಬಳಿ ನಿಂತು, ಅಜ್ಜನಿಗೆ ಎಡಗೈಯಲ್ಲಿ ಬೀಗ ತೆಗೆಯುವ ಅಭ್ಯಾಸವಿತ್ತು ಎಂದರು. ಅಮ್ಮನಿಗೆ ಮೊದಲ ಸಲ ಬಣ್ಣದ ವಾಸನೆಗೆ ತಲೆಸುತ್ತು ಬಂದದ್ದನ್ನು ಹೇಳಿದರು. ಅವಳು ಬಸುರಿ ಎಂದು ಅಪ್ಪನಿಗೆ ಗೊತ್ತಾದದ್ದೇ ಹಾಗೆ. ನಾನು ಹುಟ್ಟುವ ತನಕ ಅಪ್ಪ ಮನೆಯ ಹೊರಗೆ, ಬಿಸಿಲಲ್ಲಿ ಕೂತೇ ಬೋರ್ಡು ಬರೆದರಂತೆ. ಅದಕ್ಕೇ ಆ ಕಾಲದ ಬೋರ್ಡುಗಳಲ್ಲಿ ಅಕ್ಷರ ಸ್ವಲ್ಪ ಬಲಕ್ಕೆ ವಾಲಿವೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಬರೆದದ್ದು. ಪೇಟೆಯಲ್ಲಿ ಈಗಲೂ ಒಂದು ಇದೆಯಂತೆ, ಬೀಗದ ಅಂಗಡಿಯ ಮೇಲೆ. ಅಷ್ಟೇ. ಬೇರೇನೂ ವಿಶೇಷವಿಲ್ಲ.

ಏಪ್ರಿಲ್ ೪, ಶುಕ್ರವಾರ

ಗಂಟು ಕರಗಿದೆ. ಡಾಕ್ಟರು "ಆ" ಅನ್ನಿಸಿದರು. "ಆ" ಎಂದೆ. ಹಳೇ ಬಾಗಿಲು ತೆರೆದಂತೆ ಕೇಳಿಸಿತು, ಆದರೂ ನನ್ನದೇ. ಇನ್ನು ಸ್ವಲ್ಪ ಸ್ವಲ್ಪ ಮಾತಾಡಬಹುದು. ದಾರಿಯುದ್ದಕ್ಕೂ ಯಾರಿಗೆ ಏನೇನು ಹೇಳಬೇಕೆಂದು ಜೋಡಿಸಿಕೊಂಡು ಬಂದೆ. ಮೊದಲು ಮೇಲ್ವಿಚಾರಕರಿಗೆ.

ಬೀಗದ ಅಂಗಡಿಯ ಮುಂದೆ ಬಸ್ಸು ಇಳಿದೆ. ಅಕ್ಷರಗಳು ವಾಲಿರುವುದು ನಿಜ.

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದರು. "ನಿನ್ನೆ ಎಲ್ಲಿಗೆ ನಿಲ್ಸಿದ್ದೆ?" ಎಂದರು. ನಾನು ಒಳಗೆ ಹೋಗಿ ಕಾಳಿನ ಮೊರ ತಂದು ಕೂತೆ.

ಡಾಕ್ಟರು ಹೇಳಿದ್ದನ್ನು ಅಪ್ಪನಿಗೆ ತಿಳಿಸಲಿಲ್ಲ. ಚಿಕ್ಕಪ್ಪನ ಕೆಲಸ ಕೆಡಬಾರದಲ್ಲ, ಅದಕ್ಕೆ.

ಏಪ್ರಿಲ್ ೧೩, ಭಾನುವಾರ

ಸಂಪಾದಕರು ದಿಂಬಿನೊಡನೆ ಬಂದರು. ಚಿಕ್ಕಪ್ಪ ಇಸ್ತ್ರಿಯ ಅಂಗಿ, ಚಿಕ್ಕಮ್ಮ ಹೊಸ ಚಪ್ಪಲಿ. ನಾನು ನಡುವಿನ ಕುರ್ಚಿಯಲ್ಲಿ ಹೆಸರಿಗೆ ತಕ್ಕಂತೆ ಕೂತಿದ್ದೆ.

"ವ್ಯಕ್ತಿ ಸರಿಹೋಯ್ತು," ಎಂದರು ಸಂಪಾದಕರು. "ಇನ್ನು ಹೆಸರಿನ ಅರ್ಥ ಬೇಕು."

"ಮೌನ," ಎಂದರು ಚಿಕ್ಕಪ್ಪ. "ನಮ್ಮ ತಂದೆ ದೊಡ್ಡ ಮೌನಿ. ಅದಕ್ಕೇ ಊರು ಆ ಹೆಸರು ಕೊಡ್ತು."

"ಹಾಗಲ್ಲ," ಎಂದರು ಅಪ್ಪ. "ಬಟನ್ ಫ್ಯಾಕ್ಟರಿಯಲ್ಲಿ ಹೆಸರು ಬರ್ಕೊಳ್ಳೋ ಗುಮಾಸ್ತರು..."

"ತಪ್ಪಾಗಿ ಬರೆದ್ರು. ಗೊತ್ತು ಕಣೋ ಅಣ್ಣ. ಅದನ್ನೆಲ್ಲ ಇವರೆದುರು ಯಾಕೆ?"

"ತಪ್ಪಾಗಿ ಅಲ್ಲ. ಆ ಗುಮಾಸ್ತರು..."

"ಇವನಿಗೆ ಮರೆವು ಸಾರ್. ತಾವು ಮೌನ ಅಂತ ಬರ್ಕೊಳ್ಳಿ."

ಅಪ್ಪನ ಬೆರಳು ಮೇಜಿನ ಮೇಲೆ ಏನೋ ಬರೆಯುತ್ತಿತ್ತು, ಅದು ನಿಂತಿತು. ಕೆಲಸ ಮುಗಿದ ಮೇಲೆ ಬಣ್ಣದ ಡಬ್ಬಿಗೆ ಮುಚ್ಚಳ ಒತ್ತುತ್ತಿದ್ದರಲ್ಲ, ಹಾಗೆ ತುಟಿ ಒತ್ತಿಕೊಂಡರು.

"ಚಿಕ್ಕಪ್ಪ, ಅಪ್ಪ ಮಾತಾಡ್ಲಿ," ಎಂದೆ.

ಯಾರ ಧ್ವನಿ ಎಂದು ನಾನೇ ತಿರುಗಿ ನೋಡುವಂತಾಯಿತು, ಅಷ್ಟು ಗಡಸು. ಚಿಕ್ಕಪ್ಪ ಸೀಟಿ ನುಂಗಿದವರಂತೆ ಕೂತರು. "ಹೋಯ್ತು. ಎಲ್ಲ ಹೋಯ್ತು," ಎಂದು ಚಿಕ್ಕಮ್ಮ ಮೆಲ್ಲನೆ ಹೇಳಿದರು. ಸಂಪಾದಕರು ಪೆನ್ನಿಗೆ ಕ್ಯಾಪು ಹಾಕಿದರು. ಅಪ್ಪ ಮಾತ್ರ ನನ್ನ ಧ್ವನಿ ಬಂದದ್ದನ್ನು ಗಮನಿಸಿದಂತೆ ಕಾಣಲಿಲ್ಲ. ನೀರು ಕುಡಿದರು. ಮೀಸೆ ಒರೆಸಿಕೊಂಡರು. ಎಲ್ಲರೂ ಕಾಯಬೇಕಾಯಿತು.

"ಆ ಗುಮಾಸ್ತರು ಅಂದ್ರೆ ನಮ್ಮಮ್ಮ," ಎಂದರು.

"ಯಾರು? ಅಮ್ಮ?" ಎಂದರು ಚಿಕ್ಕಪ್ಪ. ಆ ಧ್ವನಿ ಮೈದಾನಕ್ಕೆ ಕೇಳಿಸುವಂತಿರಲಿಲ್ಲ.

"ಹೂಂ. ಮದುವೆಗೆ ಮುಂಚೆ ಅಲ್ಲಿ ಕೆಲಸಕ್ಕಿದ್ಲು. ಅಪ್ಪ ದಾರೀಲಿ ಹೋಗೋವಾಗ ಅವಳನ್ನ ನೋಡಿ ಒಳಗೆ ಹೋದ. ಯಾವ ಮನೆತನ ಅಂತ ಅವಳು ಕೇಳಿದ್ಲು. ಇವನಿಗೆ ಕಿವಿ ಎಲ್ಲಿತ್ತು, ಬರೀ ಕಣ್ಣು. ಯಾಕೆ ಬಂದ್ರಿ ಅಂತ ಕೇಳಿದ್ಲು ಅನ್ಕೊಂಡ. ನಿನ್ನ ನೋಡೋಕೆ ಅಂತ ಹೇಳೋಕಾಗುತ್ತಾ? ಸುಮ್ಮನೆ ಅಂದ. ಅವಳಿಗೆ ಎಲ್ಲ ಅರ್ಥ ಆಯ್ತು. ಬೇಕು ಅಂತಲೇ ಅದನ್ನೇ ಬರೆದ್ಲು. ಸಂಬಳದ ದಿನ ಎಲ್ಲರೆದುರಿಗೆ ಸುಮ್ಮನೆ, ಸುಮ್ಮನೆ ಅಂತ ಕೂಗೋಳು. ಇವನು ಕಿವಿ ಕೆಂಪು ಮಾಡ್ಕೊಂಡು ಹೋಗೋನು. ಆಮೇಲೆ ಮದುವೆ ಆಯ್ತು. ಸಹಿ ಹಾಕೋವಾಗ ಪೆನ್ನು ಹಿಡ್ಕೊಂಡು ಸುಮಾರು ಹೊತ್ತು ಕೂತಿದ್ಲಂತೆ. ನಿಮ್ಮನ್ನ ಆಡ್ಕೊಳ್ಳೋಕೆ ಇಟ್ಟ ಹೆಸರು ನನ್ನ ಕೊರಳಿಗೇ ಬಂತಲ್ರೀ ಅಂದ್ಲಂತೆ."

ಸಂಪಾದಕರು ಕ್ಯಾಪು ತೆಗೆದರು. "ಹಾಗಾದ್ರೆ ಅರ್ಥ ಏನು ಅಂತ ಬರೀಲಿ?"

ಅಪ್ಪನ ಬೆರಳು ಮೇಜಿನ ಮೇಲೆ ಮತ್ತೆ ಬರೆಯತೊಡಗಿತು. "ಬಾಯಿಬಿಟ್ಟು ಹೇಳೋಕೆ ನಾಚಿಕೆ ಆದಾಗ ಹೇಳೋ ಮಾತು," ಎಂದರು.

ಸಂಪಾದಕರು ಬರೆದುಕೊಂಡರು. ನನ್ನನ್ನು ಮಾತ್ರ ಕೈಬಿಡಬೇಕಾಗುತ್ತದೆ, ಮಾತಾಡಿದವರನ್ನು ಮೌನಕ್ಕಾಗಿ ಸೇರಿಸುವಂತಿಲ್ಲ ಎಂದರು. ಬಿಡಿ ಎಂದೆ. ಚಿಕ್ಕಪ್ಪ ಯಾರಿಗೂ ಏನೂ ಹೇಳದೆ ಎದ್ದು ಹೋದರು. ಚಿಕ್ಕಮ್ಮ ಹೊಸ ಚಪ್ಪಲಿ ಹುಡುಕಿಕೊಂಡು ಹಿಂದೆ ಓಡಿದರು.

ಎಲ್ಲ ಹೋದ ಮೇಲೆ ಅಪ್ಪನನ್ನು ಕೇಳಿದೆ, ಇಷ್ಟು ವರ್ಷ ಇದನ್ನು ಯಾಕೆ ಹೇಳಲಿಲ್ಲ ಎಂದು.

"ಹೇಳ್ತಿದ್ದೆ," ಎಂದರು. "ಗುಮಾಸ್ತರು ಅನ್ನೋ ಹೊತ್ತಿಗೆ ನೀನು ತಟ್ಟೆ ತೆಗೆಯೋಕೆ ಏಳ್ತಿದ್ದೆ."

ನಾನು ಹಾಗೆ ಮಾಡುವವಳೇ ಅಲ್ಲ. ಅಪ್ಪನಿಗೆ ನಿಜವಾಗಿಯೂ ಸ್ವಲ್ಪ ಮರೆವಿದೆ.

ಏಪ್ರಿಲ್ ೧೪, ಸೋಮವಾರ

ಗಂಟಲು ನೋವು. ಅಪ್ಪ ಬೆಳಿಗ್ಗೆಯಿಂದ ಅಜ್ಜಿಯಂತೆ ಕೂಗಿ ತೋರಿಸುತ್ತಿದ್ದಾರೆ.

ಮೇ ೨, ಶುಕ್ರವಾರ

ಕೆಲಸಕ್ಕೆ ಹೋದೆ. ಮೈಕು ಪೆಟ್ಟಿಗೆಯ ಪಾಲಾಯಿತು. ನನ್ನ ಧ್ವನಿ ಅರ್ಧ ಗಂಡಸಿನದಾಗಿದೆ, ಪ್ರಯಾಣಿಕರು ಹೆದರಿಯಾರು ಎಂದರು ಮೇಲ್ವಿಚಾರಕರು. ನನ್ನನ್ನು ವಿಚಾರಣೆ ಕಿಟಕಿಗೆ ಹಾಕಿದ್ದಾರೆ. ಇಪ್ಪತ್ತು ವರ್ಷ ಊರಿಗೆಲ್ಲ ಹೇಳಿದವಳು ಈಗ ಊರವರೆಲ್ಲ ಕೇಳುವುದಕ್ಕೆ ಕಿವಿ ಕೊಟ್ಟು ಕೂರಬೇಕು. ಮೇಲ್ವಿಚಾರಕರಿಗೆಂದು ಜೋಡಿಸಿಟ್ಟಿದ್ದ ಮಾತುಗಳಲ್ಲಿ ಒಂದೂ ಸಮಯಕ್ಕೆ ನೆನಪಾಗಲಿಲ್ಲ. ಸಿಟ್ಟು ಮಾತ್ರ ಬಂತು.

ಜೂನ್ ೧೯, ಗುರುವಾರ

ಕೋಶ ಅಚ್ಚಾಗಿ ಬಂತು. ಚಿಕ್ಕಪ್ಪನೇ ತಂದು ತೋರಿಸಿದರು. ಆವತ್ತಿನಿಂದ ನಮ್ಮ ಮೇಲಿನ ಸಿಟ್ಟಿಗೆ ಅವರು ಯಾರೊಡನೆಯೂ ಮಾತಾಡಿರಲಿಲ್ಲ. ಸಂಪಾದಕರು ಸಮಾಧಾನ ಮಾಡಲು ಅವರ ಮನೆಗೆ ಹೋಗಿದ್ದರಂತೆ. ಮೂರು ಸಲ ಹೋದರೂ ಒಂದು ಮಾತು ಹೊರಡಲಿಲ್ಲವಂತೆ. ಪುಟದಲ್ಲಿ ಹೀಗಿದೆ: "ಸುಮ್ಮನೆ. ಹೇಳಲು ನಾಚಿದಾಗ ಹೇಳುವ ಮಾತು. ಈ ಹೆಸರಿನ ಮಹನೀಯರು: ನಿವೃತ್ತ ಡ್ರಿಲ್ ಮಾಸ್ತರು, ಮೌನಕ್ಕೆ ಹೆಸರಾದವರು."

ಚಿಕ್ಕಪ್ಪ ಪುಟದ ಮೇಲೆ ಬೆರಳಿಟ್ಟು ನಿಂತಿದ್ದರು. ಮುಖ ಕೆಂಪಗೆ, ಕುತ್ತಿಗೆಯ ನರ ಉಬ್ಬಿ, ಹೇಳಿಕೊಳ್ಳಲು ಒದ್ದಾಡುತ್ತಿದ್ದರು. ಹೇಳಿದರೆ ಮುಂದಿನ ಮುದ್ರಣದಲ್ಲಿ ಹೆಸರು ಹೋಗುತ್ತದೆ.

"ಬಹಳ ಸಂತೋಷ ಕಣೋ," ಎಂದರು ಅಪ್ಪ. ಚಿಕ್ಕಪ್ಪನ ಕಣ್ಣಲ್ಲಿ ನೀರು ಬಂತು. ಚಿಕ್ಕಮ್ಮನ ಪ್ರಕಾರ ಮನೆ ಈಗ ಸ್ವರ್ಗದಂತಿದೆ.

ಜೂನ್ ೨೭, ಶುಕ್ರವಾರ

ಮಧ್ಯಾಹ್ನ ಕಿಟಕಿಗೆ ಒಬ್ಬ ಮುದುಕರು ಬಂದರು. ಕೈಯಲ್ಲಿ ಚೀಲವಿಲ್ಲ, ಕೊಡೆ ಮಾತ್ರ. "ಒಂದು ಬಸ್ಸು ಕೇಳಬೇಕಿತ್ತು," ಎಂದು ಶುರು ಮಾಡಿ, ಆ ಬಸ್ಸಿನಲ್ಲಿ ಮೊದಲ ಸಲ ಹೋದದ್ದು ಯಾವಾಗ, ಆವತ್ತು ಮಂಡಿ ಯಾಕೆ ಊದಿತ್ತು, ಊದಿದ ಮಂಡಿಗೆ ಎಣ್ಣೆ ಹಚ್ಚಿದ ಅಕ್ಕನ ಕೈ ಎಷ್ಟು ತಣ್ಣಗಿತ್ತು ಎಂದು ಹೇಳುತ್ತಾ ಹೋದರು. ಹಿಂದೆ ಸಾಲು ಬೆಳೆಯಿತು. "ರೀ, ಬೇಗ ಕೇಳ್ರೀ," ಎಂದು ಒಬ್ಬ ಗೊಣಗಿದ. ಸ್ವಲ್ಪ ಹೊತ್ತಿಗೆ ಅವನೂ ಮುಂದಕ್ಕೆ ಬಂದು ಕಿಟಕಿಯ ಕಟ್ಟೆಗೆ ಮೊಣಕೈ ಊರಿದ. ಮಗುವನ್ನು ಎತ್ತಿಕೊಂಡಿದ್ದವಳು ಮಗುವಿಗೆ ಸುಮ್ಮನಿರು ಎಂದಳು. ಅಕ್ಕನ ಗಂಡ ಅದೇ ಬಸ್ಸಿನ ಕಂಡಕ್ಟರ್ ಅಂತೆ, ಸ್ವಂತ ಭಾವಮೈದುನನಿಗೂ ಟಿಕೆಟ್ ಹರಿಯದೆ ಬಿಡುತ್ತಿರಲಿಲ್ಲವಂತೆ.

ಮೇಲ್ವಿಚಾರಕರು ಓಡಿ ಬಂದರು. "ಏನ್ರೀ ಇದು ಸಾಲು? ಅವರಿಗೆ ಯಾವ ಬಸ್ಸು ಬೇಕು ಅಂತ ಹೇಳಿ ಕಳಿಸಬಾರದಾ?"

ಮುದುಕರು ಮಾತು ನಿಲ್ಲಿಸಿ ಕೊಡೆಯ ಹಿಡಿ ನೋಡಿಕೊಂಡರು. ಯಾವ ಬಸ್ಸೂ ಬೇಕಾಗಿಲ್ಲ, ಆ ಬಸ್ಸು ನಿಂತುಹೋಗಿ ಎಷ್ಟೋ ಕಾಲವಾಯಿತು ಎಂದರು. ಹೊರಡಲು ತಿರುಗಿದರು.

ಮೇಲ್ವಿಚಾರಕರಿಗೆ ಏನು ಹೇಳಿದೆನೋ ನೆನಪಿಲ್ಲ. ನಾಳೆ ಕಚೇರಿಗೆ ಬಂದು ಕಾಣಿ ಎಂದು ಹೋದರು. ನಾನು ಕಿಟಕಿಯಿಂದ ಕೈ ಚಾಚಿ ಮುದುಕರ ಕೊಡೆಯ ತುದಿ ಹಿಡಿದುಕೊಂಡೆ.

"ಭಾವ ಟಿಕೆಟ್ ಹರಿದ್ರು. ಆಮೇಲೇನಾಯ್ತು?" ಎಂದು ಕೇಳಿದೆ.